ಹಕಲ್‌ಬೆರಿ ಫಿನ್ನನ ಮಾತು



ನನ್ನ ಮಿತ್ರರೊಬ್ಬರಿದ್ದಾರೆ. ಷೇಕ್ಸ್‌ಪಿಯರನನ್ನೂ ಡಿಕನ್ಸನನ್ನೂ ಚೆನ್ನಾಗಿ ಓದಿಕೊಂಡವರು. ಇಂಗ್ಲಿಷಿನಲ್ಲಿ ತಮಗೆ ಅರ್ಥವಾಗದ ಪುಸ್ತಕವೊಂದಿದೆಯೆಂದು ಸುಲಭವಾಗಿ ಒಪ್ಪತಕ್ಕವರಲ್ಲ. ಕೆಲವು ದಿನಗಳ ಹಿಂದೆ ಅವರು ಮಾರ್ಕ್ ಟ್ವೇನನ 'ಹಕಲ್‌ಬೆರಿ ಫಿನ್ನನ ಸಾಹಸಗಳು' ಎಂಬ ಅಮೆರಿಕದ ಕಾದಂಬರಿಯನ್ನು ಕೈಗೆತ್ತಿಕೊಂಡರು. ಹುಡುಗರ ಪುಸ್ತಕವಷ್ಟೆ, ಎರಡು ರಾತ್ರಿಯ ಕೆಲಸ ಎಂದು ಅವರ ಎಣಿಕೆ. ಮೂರನೆಯ ದಿನ ಬೆಳಗ್ಗೆ ನಮ್ಮ ಮನೆಗೆ ಬಂದವರೇ, "ಏನು ಸ್ವಾಮಿ, ಈ ಹುಡುಗ ಸಕ್ಕರೆಯ ಹಂದಿತಲೆಯೊಳಗೆ ಹೋಗಿ ಮಲಗುತ್ತಾನಲ್ಲ, ಇದೆಂಥ ಕಥೆ?" ಎಂದು ಕೇಳಿದರು.

ಅವರನ್ನು ತಡೆದು ನಿಲ್ಲಿಸಿದ ಮಾತು 'ಹಾಗ್ಸ್‌ಹೆಡ್' ಎಂಬುದು. ಬಿಡಿಸಿ ನೋಡಿದರೆ ಹಂದಿಯ ತಲೆಯೇ ಹೌದು. ಆದರೆ ಬಳಕೆಯಲ್ಲಿ ಅದು ದೊಡ್ಡದೊಂದು ಮರದ ಪೀಪಾಯಿಯ ಹೆಸರು. ಸಕ್ಕರೆ, ಹೊಗೆಸೊಪ್ಪು ಮುಂತಾದ ಸರಕುಗಳನ್ನು ಅದರಲ್ಲಿ ತುಂಬಿ ಹಡಗಿನ ಮೇಲೆ ಸಾಗಿಸುತ್ತಿದ್ದರು. ಬರಿದಾದ ಪೀಪಾಯಿ ಮನೆಯಿಲ್ಲದ ಹುಡುಗನಿಗೆ ಮನೆಯಾಗುವುದಕ್ಕೆ ಅಡ್ಡಿಯೇನು? ಈ ಒಂದು ಮಾತನ್ನು ತಿಳಿದುಕೊಂಡರೆ ಹಕ್ ಎಂಬವನು ಯಾರು, ಎಲ್ಲಿಂದ ಬಂದವನು, ವಿಧವೆ ಡಗ್ಲಸ್ಸಳ ಮನೆಯ ಹಾಸಿಗೆಯಲ್ಲಿ ಅವನಿಗೆ ನಿದ್ದೆ ಏಕೆ ಹತ್ತುವುದಿಲ್ಲ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ. ಈ ಪುಸ್ತಕದಲ್ಲಿ ಹಳೆಯ ಆಡುಮಾತಿನ ಅರ್ಥವನ್ನು ಹುಡುಕುವುದೂ ಪಾತ್ರವನ್ನು ಅರಿಯುವುದೂ ಬೇರೆ ಬೇರೆ ಕೆಲಸಗಳಲ್ಲ. ಆದಕಾರಣ ಈ ಹೊತ್ತಿನ ಭಾಷಣದಲ್ಲಿ ಎರಡನ್ನೂ ಕೂಡಿಸಿಯೇ ಹೇಳಬೇಕೆಂದಿದ್ದೇನೆ.

ಗ್ರಂಥಕರ್ತನ ನಿಜನಾಮ ಸಾಮ್ಯುಅಲ್ ಕ್ಲೆಮೆನ್ಸ್. 1835ರಲ್ಲಿ ಮಿಸ್ಸೂರಿ ಸಂಸ್ಥಾನದಲ್ಲಿ ಹುಟ್ಟಿ, ಮಿಸ್ಸಿಸ್ಸಿಪ್ಪಿ ನದಿಯ ದಡದ ಹ್ಯಾನಿಬಲ್ ಎಂಬ ಊರಿನಲ್ಲಿ ಬೆಳೆದವನು. 1859ರಲ್ಲಿ ಉಗಿದೋಣಿಗಳನ್ನು ನಡೆಸುವ ಅಧಿಕಾರಪತ್ರವನ್ನು ಪಡೆದು, 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ನದಿಯ ವ್ಯಾಪಾರ ನಿಲ್ಲುವವರೆಗೂ ಅದೇ ವೃತ್ತಿಯಲ್ಲಿದ್ದನು. ಅವನು ತಾಳಿದ ಕಾವ್ಯನಾಮವೂ ದೋಣಿಯ ಕೂಗೇ ಆಗಿದೆ. ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗಿಳಿಸಿ ಆಳವನ್ನು ಅಳೆಯತಕ್ಕವನು, ಹಗ್ಗದ ಎರಡನೆಯ ಗುರುತು ಮುಳುಗಿತೆಂದರೆ 'ಮಾರ್ಕ್ ಟ್ವೇನ್' ಎಂದು ಕೂಗುತ್ತಿದ್ದನು. 'ಟ್ವೇನ್' ಎಂದರೆ ಎರಡು. ಎರಡು ಮಾರು, ಎಂದರೆ ಹನ್ನೆರಡು ಅಡಿ ನೀರು. ದೋಣಿ ತಳ ತಾಗದೆ ಹೋಗಬಹುದೆಂದು ಅದರ ಅರ್ಥ. ಕಾದಂಬರಿಯು 1884ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ, 1885ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು. ಕಥೆ ನಡೆಯುವ ಕಾಲ ಅದಕ್ಕಿಂತ ನಲವತ್ತು ಐವತ್ತು ವರ್ಷ ಹಿಂದಿನದು. ಮಿಸ್ಸೂರಿಯಲ್ಲಿ ಆಗ ಗುಲಾಮಗಿರಿ ನ್ಯಾಯಸಮ್ಮತವಾಗಿತ್ತು. ಅದು ಅಮೆರಿಕದಲ್ಲೆಲ್ಲ ನಿಂತುಹೋದದ್ದು 1865ರಲ್ಲಿ. ಪುಸ್ತಕ ಬಂದಾಗ ಆ ಪದ್ಧತಿಯು ಇರಲಿಲ್ಲ, ಆದರೆ ಅದರ ನುಡಿಗಟ್ಟುಗಳು ಜನರ ಬಾಯಲ್ಲಿ ಹಾಗೆಯೇ ಉಳಿದಿದ್ದುವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇನೆ.

ಮೊದಲು ನದಿಯ ಮಾತುಗಳು. ಹಕ್ ಮತ್ತು ಓಡಿಬಂದ ಗುಲಾಮನಾದ ಜಿಮ್, ಇಬ್ಬರೂ ತೆಪ್ಪವೊಂದರ ಮೇಲೆ ತೇಲುತ್ತ ಹೋಗುತ್ತಾರೆ. ಒಂದೆಡೆ 'ಟೋಹೆಡ್' ಮರೆಯಲ್ಲಿ ತೆಪ್ಪವನ್ನು ಕಟ್ಟಿದರೆಂದು ಬರುತ್ತದೆ. ಇಲ್ಲಿ ಯಾವ ತಲೆಯೂ ಇಲ್ಲ. ನದಿಯ ನಡುವೆ ಎದ್ದು, ಮೇಲೆ ಒತ್ತಾಗಿ ಮರಗಳು ಬೆಳೆದಿರುವ ಮರಳುದಿಣ್ಣೆಯೇ ಟೋಹೆಡ್. ಇನ್ನೊಂದೆಡೆ, ಒಡೆದುಹೋದ ಉಗಿದೋಣಿಯ 'ಟೆಕ್ಸಸ್'ನಲ್ಲಿ ಕಳ್ಳರು ಮಾತಾಡುತ್ತಿರುವುದನ್ನು ಹಕ್ ಕೇಳುತ್ತಾನೆ. ಭೂಪಟವನ್ನು ಬಿಡಿಸಿ ನೋಡಬೇಕಾದ ಅಗತ್ಯವಿಲ್ಲ. ದೋಣಿಯ ಮೇಲಂತಸ್ತಿನಲ್ಲಿ ಅಧಿಕಾರಿಗಳಿಗಾಗಿ ಇದ್ದ ಕೊಠಡಿಗಳಿಗೆ ಆ ಹೆಸರು. ಅಂತೆಯೇ 'ಕೈರೋ' ಎಂದೊಡನೆ ನಾವು ಈಜಿಪ್ಟಿಗೆ ಹಾರಬಾರದು. ಅದು ಇಲಿನಾಯ್ ಸಂಸ್ಥಾನದ ಒಂದು ಸಣ್ಣ ಪಟ್ಟಣ. ಅಲ್ಲಿಯವರ ಬಾಯಲ್ಲಿ ಅದು 'ಕೇರೋ' ಎಂಬಂತೆ ಕೇಳುತ್ತದೆ. ಓಹಾಯೋ ನದಿ ಮಿಸ್ಸಿಸ್ಸಿಪ್ಪಿಯನ್ನು ಸೇರುವುದು ಅಲ್ಲಿಯೇ. ಇದನ್ನು ಅರಿಯದವರಿಗೆ ಕಥೆಯ ನಡುಭಾಗವೇ ಅರ್ಥವಾಗದು. ಕೇರೋದಲ್ಲಿ ಇಳಿದು, ಉಗಿದೋಣಿ ಹತ್ತಿ, ಓಹಾಯೋದ ಮೇಲ್ದಿಕ್ಕಿಗೆ ಹೋದರೆ ಗುಲಾಮಗಿರಿಯಿಲ್ಲದ ಸೀಮೆ ಸಿಕ್ಕುತ್ತದೆ, ಜಿಮ್ ಸ್ವತಂತ್ರನಾಗುತ್ತಾನೆ. ಒಂದು ರಾತ್ರಿಯ ಮಂಜಿನಲ್ಲಿ ಆ ಊರು ಕಾಣದೆ ಹಿಂದೆ ಉಳಿಯುತ್ತದೆ. ಅಲ್ಲಿಂದ ಮುಂದೆ ನದಿ ಅವರನ್ನು ಒಯ್ಯುವುದು ಗುಲಾಮಗಿರಿಯ ಒಡಲಿಗೆ, ದಕ್ಷಿಣಕ್ಕೆ. ಗುಲಾಮನನ್ನು 'ನದಿಯ ಕೆಳಕ್ಕೆ ಮಾರುವುದು' ಎಂಬ ಮಾತಿನ ಭಯವನ್ನೂ ಇಲ್ಲಿಯೇ ತಿಳಿಯಬೇಕು. ನ್ಯೂ ಆರ್ಲಿಯನ್ಸಿನ ಸಂತೆಗೆ ಹೋದವನು ಹೆಂಡತಿ ಮಕ್ಕಳನ್ನು ಮತ್ತೆ ಕಾಣುವಂತಿರಲಿಲ್ಲ. ವರ್ತಕನೊಬ್ಬನು ಎಂಟು ನೂರು ಡಾಲರಿಗೆ ತನ್ನನ್ನು ಕೇಳಿದನೆಂದೂ, ಒಡತಿಯಾದ ಮಿಸ್ ವಾಟ್ಸನ್ನಳ ಮನಸ್ಸು ಅತ್ತ ವಾಲಿತೆಂದೂ ಬಾಗಿಲ ಸಂದಿಯಿಂದ ಕೇಳಿಯೇ ಜಿಮ್ ಓಡಿಬಂದದ್ದು.

ಕಾದಂಬರಿಯ ಮೊದಲಲ್ಲಿ ಗ್ರಂಥಕರ್ತನು ಒಂದು ಸಣ್ಣ ಸೂಚನೆಯನ್ನಿಟ್ಟಿದ್ದಾನೆ. ಇದರಲ್ಲಿ ಮಿಸ್ಸೂರಿಯ ಕಪ್ಪು ಜನರ ಮಾತು, ನೈಋತ್ಯದ ಕಾಡುಮೂಲೆಯ ಮಾತು, ಪೈಕ್ ಕೌಂಟಿಯ ಸಾಮಾನ್ಯ ಮಾತು, ಅದರದೇ ನಾಲ್ಕು ಬಗೆಗಳು, ಹೀಗೆ ಏಳು ಬಗೆಯ ಆಡುಮಾತುಗಳಿವೆಯೆಂದೂ, ಇವನ್ನು ಕೈಗೆ ಬಂದಂತೆ ಬರೆದುದಲ್ಲವೆಂದೂ ಅಲ್ಲಿ ಹೇಳುತ್ತಾನೆ. ಪಾತ್ರಗಳೆಲ್ಲ ಒಂದೇ ರೀತಿ ಮಾತಾಡಲು ಹೋಗಿ ಸೋತವೆಂದು ಓದುಗರು ಭಾವಿಸಬಾರದೆಂಬುದಕ್ಕಾಗಿ ಈ ವಿವರಣೆಯಂತೆ! ಇದು ಹಾಸ್ಯವೂ ಹೌದು, ಸತ್ಯವೂ ಹೌದು. ಬಹುಕಾಲ ಕಾಣೆಯಾಗಿದ್ದ ಹಸ್ತಪ್ರತಿಯ ಮೊದಲರ್ಧವು 1990ರಲ್ಲಿ ಲಾಸ್ ಏಂಜಲಿಸಿನ ಮನೆಯೊಂದರ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಆಡುಮಾತಿನ ಒಂದೊಂದು ರೂಪವನ್ನೂ ಅವನು ಹೊಡೆದು ತಿದ್ದಿರುವುದು ಅದರಲ್ಲಿ ಕಾಣುತ್ತದೆ.

ಆದುದರಿಂದ ಈ ಪುಸ್ತಕವನ್ನು ಕಿವಿಯಿಂದ ಓದಬೇಕೆಂಬುದು ನನ್ನ ಸಲಹೆ. ಕಣ್ಣಿಗೆ ಒಗಟಾಗಿ ಕಾಣುವ ಜಿಮ್ಮನ ಮಾತನ್ನು ಗಟ್ಟಿಯಾಗಿ ಓದಿರಿ. 'ದ್ಯಾಟ್' ಎಂಬುದು ಅವನಲ್ಲಿ 'ಡ್ಯಾಟ್', 'ಗೋಯಿಂಗ್' ಎಂಬುದು 'ಗ್ವೈನ್'. ಎರಡು ಪುಟ ಓದುವಷ್ಟರಲ್ಲಿ ಒಗಟು ಬಿಡುತ್ತದೆ. ಹಕ್ಕನು 'ಇಲ್ಲ' ಎಂಬುದನ್ನು ಒಂದೇ ವಾಕ್ಯದಲ್ಲಿ ಎರಡು ಮೂರು ಸಲ ಹೇಳುತ್ತಾನೆ. ನಮ್ಮ ಶಾಲೆಯ ವ್ಯಾಕರಣದಂತೆ ಎರಡು ನಿಷೇಧ ಸೇರಿ ವಿಧಿಯಾಯಿತೆಂದು ತಿಳಿಯಬಾರದು. ಅವನಿಗೆ ಅದು 'ಇಲ್ಲವೇ ಇಲ್ಲ' ಎಂಬ ಒತ್ತು. ಕಿವಿಗೆ ನಿಲುಕದ ಒಂದು ತಮಾಷೆಯೂ ಉಂಟು. 'ಸಿವಿಲೈಸ್', ಎಂದರೆ ನಾಗರಿಕನನ್ನಾಗಿ ಮಾಡುವುದು, ಎಂಬ ಪದವನ್ನು ಹಕ್ಕನು ತಪ್ಪು ಅಕ್ಷರದಿಂದ ಪ್ರಾರಂಭಿಸಿ ಬರೆಯುತ್ತಾನೆ. ಉಚ್ಚಾರಣೆಯಲ್ಲಿ ವ್ಯತ್ಯಾಸವೇ ಇಲ್ಲ. ನಾಗರಿಕತೆ ಎಂಬ ಮಾತನ್ನೇ ಸರಿಯಾಗಿ ಬರೆಯಲಾರದ ಹುಡುಗನ ಈ ಚಿತ್ರವನ್ನು ನಾನು ರೇಡಿಯೋದಲ್ಲಿ ಕೇಳಿಸಲಾರೆ, ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿಯೂ ತೋರಿಸಲಾರೆ!

ಹಕ್ಕನಿಗೆ ಹದಿಮೂರು ಹದಿನಾಲ್ಕು ವರ್ಷ. ಪ್ರಾರಂಭದಲ್ಲಿಯೇ ಅವನು, ತನ್ನ ವಿಷಯವಾಗಿ ಹಿಂದೆ ಬಂದ ಟಾಮ್ ಸಾಯರನ ಪುಸ್ತಕದಲ್ಲಿ ನಿಜವೇ ಹೆಚ್ಚು, ಕೆಲವು 'ಸ್ಟ್ರೆಚರ್'ಗಳೂ ಇವೆ, ಎನ್ನುತ್ತಾನೆ. ಎಳೆದು ಹಿಗ್ಗಿಸಿದ ಸುಳ್ಳೇ ಸ್ಟ್ರೆಚರ್. ನಮ್ಮಲ್ಲಿ ಬುರುಡೆ ಬಿಡುವುದೆನ್ನುತ್ತೇವಲ್ಲ, ಅದಕ್ಕೆ ಹತ್ತಿರದ್ದು. ಯಾವುದೋ ಕಾರಣವಿಲ್ಲದ ಅಳುಕಿಗೆ ಅವನು 'ಫ್ಯಾನ್‌ಟಾಡ್ಸ್' ಎಂಬ ವಿಚಿತ್ರ ಪದವನ್ನು ಬಳಸುತ್ತಾನೆ. ಗ್ರ್ಯಾಂಜರ್‌ಫರ್ಡ್ ಮನೆತನದ ಸತ್ತ ಹುಡುಗಿಯೊಬ್ಬಳು ಬರೆದಿಟ್ಟ ಶೋಕಚಿತ್ರಗಳನ್ನು ನೋಡಿದಾಗ ಅವನಿಗೆ ಅದು ಬರುತ್ತದೆ. ಊರಿನಲ್ಲಿ ಯಾರು ಸತ್ತರೂ ಆ ಹುಡುಗಿ ಕೂಡಲೆ ಪದ್ಯ ಹೊಸೆಯುತ್ತಿದ್ದಳಂತೆ. ಹಕ್ಕನು ಆ ಮನೆಯ ಎಲ್ಲವನ್ನೂ ಮನಸಾರೆ ಮೆಚ್ಚುತ್ತಾನೆ, ನಾವು ನಗುತ್ತೇವೆ. ಹಕ್ಕನು ತಾನು ನಗಿಸುತ್ತಿದ್ದೇನೆಂದು ಎಂದೂ ಅರಿಯನು. ಅವನ ಮಾತಿನ ಗುಟ್ಟು ಇದೇ.

ಅವನ ತಂದೆ ಕುಡುಕ. ಹುಡುಗ ಓದು ಬರಹ ಕಲಿತನೆಂದು ಹೊಡೆಯುವವನು. ಅವನ ಒಂದು ಭಾಷಣ ಪ್ರಸಿದ್ಧವಾಗಿದೆ. ಓಹಾಯೋದಿಂದ ಬಂದ ಕಪ್ಪು ಜನಾಂಗದ ವಿದ್ವಾಂಸನೊಬ್ಬನು ಕಾಲೇಜಿನ ಪ್ರಾಧ್ಯಾಪಕನಂತೆ, ಅನೇಕ ಭಾಷೆಗಳನ್ನು ಬಲ್ಲವನಂತೆ, ತನ್ನ ಊರಿನಲ್ಲಿ ಮತವನ್ನೂ ಹಾಕಬಹುದಂತೆ; ಇದನ್ನು ಕೇಳಿ ದೇಶವೇ ಕೆಟ್ಟುಹೋಯಿತೆಂದು ಈ ಮನುಷ್ಯನು ಕೂಗಾಡುತ್ತಾನೆ. ಚುನಾವಣೆಯ ದಿನ ತಾನೂ ಮತ ಹಾಕುವುದರಲ್ಲಿದ್ದನಂತೆ, ಮತಗಟ್ಟೆಯವರೆಗೆ ನಡೆಯಲಾರದಷ್ಟು ಕುಡಿದಿರದಿದ್ದರೆ! ಗ್ರಂಥಕರ್ತನು ಇಲ್ಲಿ ಒಂದು ಮಾತನ್ನೂ ತಾನಾಗಿ ಸೇರಿಸುವುದಿಲ್ಲ. ಕುಡುಕನ ಮಾತೇ ಕುಡುಕನನ್ನು ಬಯಲು ಮಾಡುತ್ತದೆ.

ತೆಪ್ಪಕ್ಕೆ ನುಗ್ಗುವ ಇಬ್ಬರು ಠಕ್ಕರನ್ನು ಬೇಗ ಮುಗಿಸುತ್ತೇನೆ. ಒಬ್ಬನು ತಾನು ಬ್ರಿಜ್‌ವಾಟರಿನ ಡ್ಯೂಕ್ ಎನ್ನುತ್ತಾನೆ. ಮುದುಕನು ತಾನು ಫ್ರಾನ್ಸಿನ ಕಳೆದುಹೋದ ಯುವರಾಜನೇ ಎನ್ನುತ್ತಾನೆ. ಮುದುಕನ ಬಾಯಲ್ಲಿ ಬ್ರಿಜ್‌ವಾಟರು 'ಬಿಲ್ಜ್‌ವಾಟರ್' ಆಗುತ್ತದೆ. ಬಿಲ್ಜ್ ಎಂದರೆ ಹಡಗಿನ ತಳದಲ್ಲಿ ನಿಂತು ನಾರುವ ಕೊಳಕು ನೀರು. ಡ್ಯೂಕನು ತನ್ನನ್ನು 'ಜರ್ ಪ್ರಿಂಟರ್' ಎಂದು ಹೇಳಿಕೊಳ್ಳುವುದು ಕೂಲಿಗೆ ಊರೂರು ತಿರುಗುವ ಅಚ್ಚುಕೆಲಸದವನು ಎಂಬರ್ಥದಲ್ಲಿ. ಕ್ಲೆಮೆನ್ಸನೂ ತಾರುಣ್ಯದಲ್ಲಿ ಅದೇ ಕೆಲಸ ಮಾಡಿದವನೇ. ಇವರು ಹಲ್ಲಿನ ಕಿಟ್ಟ ತೆಗೆಯುವ ಔಷಧಿಯಿಂದ ಹಿಡಿದು ಧರ್ಮೋಪದೇಶದವರೆಗೆ ಎಲ್ಲವನ್ನೂ ಮಾರುವವರು. ಸತ್ತವನ ಮನೆಯಲ್ಲಿ ಮುದುಕನು ಉತ್ತರಕ್ರಿಯೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮದ್ಯಪಾನದ ಗೋಷ್ಠಿ ಎಂಬರ್ಥದ ಪದವನ್ನು ಉಪಯೋಗಿಸಿಬಿಡುತ್ತಾನೆ. ಗುಟ್ಟು ರಟ್ಟಾಗುವುದರೊಳಗೆ, ಅದರ ಒಂದು ತುಂಡು ಗ್ರೀಕ್, ಇನ್ನೊಂದು ತುಂಡು ಹೀಬ್ರೂ ಎಂದು ವ್ಯುತ್ಪತ್ತಿಯನ್ನೇ ಕಟ್ಟಿ ಹೇಳುತ್ತಾನೆ! ಸಭೆ ತಲೆದೂಗುತ್ತದೆ. ಇಂಥ ವ್ಯುತ್ಪತ್ತಿಕಾರರು ಮಿಸ್ಸಿಸ್ಸಿಪ್ಪಿಯ ದಡದಲ್ಲಿ ಮಾತ್ರ ಇರುವವರಲ್ಲ.

ಇನ್ನು ಅತಿ ಸರಳವಾಗಿ ಕಾಣುವ, ಆದುದರಿಂದಲೇ ಓದುಗರು ದಾಟಿ ಹೋಗಿಬಿಡುವ ಎರಡು ಮಾತುಗಳು. ಮೊದಲನೆಯದು 'ಬಾರೋ', ಕಡ ತರುವುದು. ಹಕ್ಕನೂ ಜಿಮ್ಮನೂ ರಾತ್ರಿ ಹೊಲಗಳಿಗೆ ನುಗ್ಗಿ ಕಲ್ಲಂಗಡಿ, ಜೋಳದ ತೆನೆ ಮುಂತಾದುವನ್ನು ಕಡ ತರುತ್ತಾರೆ. ಎಂದಾದರೊಂದು ದಿನ ಹಿಂದಿರುಗಿಸುವ ಮನಸ್ಸಿದ್ದರೆ ಕಡ ತಂದದ್ದರಲ್ಲಿ ದೋಷವಿಲ್ಲವೆಂದು ತಂದೆಯ ಮತ. ಅದು ಕಳ್ಳತನಕ್ಕೆ ಇಟ್ಟ ಮೆದು ಹೆಸರೆಂದು ವಿಧವೆ ಡಗ್ಲಸ್ಸಳ ಮತ. ಒಂದು ರಾತ್ರಿ ಇಬ್ಬರೂ ಕುಳಿತು ಧರ್ಮಸೂಕ್ಷ್ಮವನ್ನು ಚರ್ಚಿಸುತ್ತಾರೆ. ಪಟ್ಟಿಯಿಂದ ಕೆಲವನ್ನು ಬಿಟ್ಟುಬಿಟ್ಟರೆ ಉಳಿದವನ್ನು ಕಡ ತರಲು ಬಾಧಕವಿಲ್ಲವೆಂದು ತೀರ್ಮಾನವಾಗುತ್ತದೆ. ಬಿಟ್ಟದ್ದು ಕಾಡುಸೇಬು ಮತ್ತು ಇನ್ನೂ ಮಾಗದಿದ್ದ ಒಂದು ಹಣ್ಣು! ಹಕ್ಕನ ಮನಸ್ಸಿಗೆ ನೆಮ್ಮದಿಯಾಗುತ್ತದೆ.

ಎರಡನೆಯದು ಕದಿಯುವುದು. ಹೊಲದ ತೆನೆಯನ್ನು ಕದ್ದಾಗ ಕಡ ಎನ್ನುವ ಈ ಹುಡುಗ, ಜಿಮ್ಮನಿಗೆ ತಪ್ಪಿಸಿಕೊಳ್ಳಲು ನೆರವಾದುದನ್ನು ಮಾತ್ರ ಶುದ್ಧ ಕಳ್ಳತನವೆಂದೇ ಕರೆಯುತ್ತಾನೆ. ಮಿಸ್ ವಾಟ್ಸನ್ನಳ ಸೊತ್ತನ್ನು ಕದ್ದೆ, ನನಗೆ ಯಾವ ಕೇಡನ್ನೂ ಮಾಡದ ಮುದುಕಿಗೆ ದ್ರೋಹ ಬಗೆದೆ, ಎಂದು ಕೊರಗುತ್ತಾನೆ. 'ಅಬಾಲಿಷನಿಸ್ಟ್' ಎಂಬ ಮಾತನ್ನು ಗಮನಿಸಿರಿ. ಗುಲಾಮಗಿರಿ ತೊಲಗಬೇಕೆನ್ನುವವನು ಎಂಬುದು ನಿಘಂಟಿನ ಅರ್ಥ, ಇಂದು ನಮಗೆ ಗೌರವದ ಪದ. ಹಕ್ಕನ ಊರಿನಲ್ಲಿ ಅದು ಬೈಗುಳ. ಹಕ್ಕನಿಗೆ ಗೊತ್ತಿರುವ ಮಾತುಗಳೆಲ್ಲ ಗುಲಾಮರ ಒಡೆಯರು ಟಂಕಿಸಿದವು; ತನ್ನ ಒಳ್ಳೆಯತನವನ್ನು ಹೇಳಿಕೊಳ್ಳಲು ಅವನಲ್ಲಿ ಪದವೇ ಇಲ್ಲ. ಠಕ್ಕರು ಜಿಮ್ಮನನ್ನು ನಲವತ್ತು ಡಾಲರಿಗೆ ಮಾರಿಬಿಟ್ಟ ಮೇಲೆ, ಹಕ್ಕನು ಒಡತಿಗೆ ಸುಳಿವು ಕೊಡುವ ಕಾಗದವನ್ನು ಬರೆಯುತ್ತಾನೆ. ಬರೆದೊಡನೆ ಪಾಪ ತೊಳೆದಂತೆ ಹಗುರವಾಗುತ್ತದೆ. ಆಮೇಲೆ ತೆಪ್ಪದ ಮೇಲಿನ ದಿನಗಳು ನೆನಪಾಗುತ್ತವೆ. ತನ್ನ ಪಾಳಿಯ ಮೇಲೆ ಹಕ್ಕನ ಪಾಳಿಯನ್ನೂ ಜಿಮ್ಮನೇ ಕಾದು, ಅವನನ್ನು ಎಬ್ಬಿಸದೆ ಮಲಗಗೊಟ್ಟದ್ದು ನೆನಪಾಗುತ್ತದೆ. ಕಾಗದವನ್ನು ಹರಿದುಹಾಕಿ, ಹಾಗಾದರೆ ತನಗೆ ನರಕವೇ ಆಗಲಿ ಎಂದು ನಿಶ್ಚಯಿಸುತ್ತಾನೆ. ಇದು ಹುಡುಗನ ಬಾಯಿಬಡುಕತನವೆಂದು ಓದಿದವರು ಪುಸ್ತಕವನ್ನೇ ಓದಲಿಲ್ಲ. ನರಕವೆಂಬುದು ಹಕ್ಕನಿಗೆ ನಿಜವಾದ ಬೆಂಕಿ. ತಾನು ಅದರೊಳಗೆ ಬೀಳುವುದು ಖಂಡಿತವೆಂದು ಅವನು ನಂಬಿದ್ದಾನೆ.

ಜಿಮ್ಮನ ಬಾಯಿಯ ಒಂದು ಪದವೂ ಇಷ್ಟೇ ತೂಕದ್ದು. ಮಂಜಿನ ರಾತ್ರಿ ಇಬ್ಬರೂ ಅಗಲಿ, ಹಕ್ಕನು ಸತ್ತನೆಂದು ಅತ್ತು ದಣಿದು ಜಿಮ್ ನಿದ್ದೆಹೋಗಿರುತ್ತಾನೆ. ಹಕ್ಕನು ಹಿಂದಿರುಗಿ, ಇದೆಲ್ಲ ನೀನು ಕಂಡ ಕನಸು ಎಂದು ನಂಬಿಸಿ ಆಟವಾಡುತ್ತಾನೆ. ತೆಪ್ಪದ ಮೇಲಿನ ಕಸಕಡ್ಡಿಯನ್ನು ನೋಡಿ ಜಿಮ್ಮನಿಗೆ ನಿಜ ತಿಳಿಯುತ್ತದೆ. ಆ ಕಸವನ್ನು ತೋರಿಸಿ, ಸ್ನೇಹಿತನ ತಲೆಯ ಮೇಲೆ ಮಣ್ಣು ಹಾಕಿ ನಾಚಿಸುವವರು ಕೂಡ ಇದೇ 'ಟ್ರ್ಯಾಷ್', ಕಸ, ಎನ್ನುತ್ತಾನೆ. ದಕ್ಷಿಣದವರು ನೀತಿಗೆಟ್ಟ ಬಡ ಬಿಳಿಯರನ್ನು ಆ ಪದದಿಂದಲೇ ಹಳಿಯುತ್ತಿದ್ದರು. ಹಕ್ಕನ ತಂದೆಗೆ ಒಪ್ಪುವ ಬೈಗುಳ ಅದು. ಈಗ ಗುಲಾಮನು ಅದನ್ನು ಬಿಳಿಯ ಹುಡುಗನಿಗೆ ಹೇಳುತ್ತಾನೆ, ದನಿಯೆತ್ತದೆ ಹೇಳಿ ಒಳಗೆ ಹೋಗುತ್ತಾನೆ. ಹೋಗಿ ಕ್ಷಮೆ ಬೇಡುವುದಕ್ಕೆ ಹಕ್ಕನಿಗೆ ಕಾಲು ಗಂಟೆ ಹಿಡಿಯುತ್ತದೆ. ಬೇಡಿದುದಕ್ಕೆ ಎಂದೂ ಪಶ್ಚಾತ್ತಾಪಪಡಲಿಲ್ಲವೆಂದೂ ಹೇಳುತ್ತಾನೆ.

ಈ ಪುಸ್ತಕದಲ್ಲಿ ಇನ್ನೊಂದು ಪದವಿದೆ. ಕಪ್ಪು ಜನರನ್ನು ತುಚ್ಛವಾಗಿ ಕರೆಯುವ ಆ ಪದವನ್ನು ನಾನು ಇಲ್ಲಿ ಉಚ್ಚರಿಸುವುದಿಲ್ಲ. ಪುಸ್ತಕದಲ್ಲಿ ಅದು ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಹಳೆಯ ಕಾಲದ ಗ್ರಾಮ್ಯವೆಂದು ಇದನ್ನು 'ಹಾಗ್ಸ್‌ಹೆಡ್' ಜೊತೆಗೆ ಪಟ್ಟಿಯಲ್ಲಿ ಸೇರಿಸಲಾಗದು. ಆ ಪದಕ್ಕೆ ವಯಸ್ಸಾದರೂ ಮೊನೆ ಹೋಗಿಲ್ಲ. 1885ರಲ್ಲಿ ಮ್ಯಾಸಚೂಸೆಟ್ಸಿನ ಕಾನ್‌ಕರ್ಡ್ ಊರಿನ ಪುಸ್ತಕಭಂಡಾರವು ಈ ಕಾದಂಬರಿಯನ್ನು ಹೊರಗಿಟ್ಟದ್ದು ಅದು ಒರಟಾಗಿದೆ, ಸಭ್ಯವಲ್ಲ ಎಂಬ ಕಾರಣದಿಂದ. ಮುಂದಿನ ಶತಮಾನದಲ್ಲಿ ಆಕ್ಷೇಪ ಬಂದುದು ಬೇರೆ ಕಡೆಯಿಂದ, ಈ ಪದವನ್ನು ತರಗತಿಯಲ್ಲಿ ಕುಳಿತು ಕೇಳಬೇಕಾದ ಕಪ್ಪು ಮಕ್ಕಳ ತಂದೆತಾಯಿಗಳಿಂದ. 2011ರಲ್ಲಿ ಆಲನ್ ಗ್ರಿಬನ್ ಎಂಬ ಪ್ರಾಧ್ಯಾಪಕರು ಅದನ್ನು ತೆಗೆದು 'ಗುಲಾಮ' ಎಂಬ ಪದವನ್ನಿಟ್ಟು ಒಂದು ಆವೃತ್ತಿಯನ್ನು ಹೊರಡಿಸಿದರು. ಅವರ ಉದ್ದೇಶ ಒಳ್ಳೆಯದೇ. ಆದರೆ ನನಗೆ ಅದು ಸರಿತೋರಲಿಲ್ಲ. ಗುಲಾಮನೆಂಬುದು ಒಂದು ಸ್ಥಿತಿ, ಬಿಡುಗಡೆಯಾದರೆ ಮುಗಿಯಿತು. ಆ ಪದವಾದರೋ ಬಿಡುಗಡೆಯಾದವನನ್ನೂ ಅಂಟಿಕೊಂಡೇ ಬರುತ್ತದೆ. ಕುಡುಕ ತಂದೆಯು ಸ್ವತಂತ್ರನಾದ ಪ್ರಾಧ್ಯಾಪಕನನ್ನು ಅದೇ ಪದದಿಂದ ಬೈಯುವುದರ ಅರ್ಥವೆಲ್ಲ ಅಲ್ಲಿದೆ. ಹೀಗೆಂದು ದೂರದಲ್ಲಿ ಕುಳಿತು ಹೇಳುವುದು ನಮಗೆ ಸುಲಭ, ಆ ತರಗತಿಯಲ್ಲಿ ಕುಳಿತ ಮಗುವಿಗೆ ಸುಲಭವಲ್ಲವೆಂಬುದನ್ನೂ ಒಪ್ಪುತ್ತೇನೆ.

ಜಿಮ್ಮನ ಮಾತು ನಗಿಸುವುದಕ್ಕಾಗಿ ಬರೆದದ್ದೇ ಎಂಬ ಪ್ರಶ್ನೆಯೂ ಇದೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟಗಳು ಆ ಕಾಲದಲ್ಲಿ ಜನಪ್ರಿಯವಾಗಿದ್ದುವು. ಆ ಆಟದ ಛಾಯೆ ಜಿಮ್ಮನ ಕೆಲವು ಸಂಭಾಷಣೆಗಳ ಮೇಲೆ ಬಿದ್ದಿದೆ. ಆದರೆ ತನ್ನ ಪುಟ್ಟ ಮಗಳು ಮಾತು ಕೇಳಲಿಲ್ಲವೆಂದು ಹೊಡೆದು, ಬಳಿಕ ಅವಳು ಕಾಯಿಲೆಯಿಂದ ಕಿವುಡಿಯಾಗಿದ್ದಾಳೆಂದು ತಿಳಿದಾಗ ಆದ ಸಂಕಟವನ್ನು ಅವನು ಹೇಳುತ್ತಾನಲ್ಲ, ಅದೂ ಅದೇ ಆಡುಮಾತಿನಲ್ಲಿಯೇ ಇದೆ. ಅಲ್ಲಿ ನಗುವವರು ಯಾರು? ಷೆಲ್ಲಿ ಫಿಷರ್ ಫಿಷ್ಕಿನ್ ಎಂಬ ವಿದುಷಿ 1993ರಲ್ಲಿ ಇನ್ನೂ ಮುಂದೆ ಹೋಗಿ, ಹಕ್ಕನ ಮಾತಿನ ಧಾಟಿಯೇ ಕಪ್ಪು ಬಾಲಕನೊಬ್ಬನಿಂದ ಬಂದದ್ದೆಂದು ವಾದಿಸಿದರು. ಮಾತುಗಾರನಾದ ಆ ಬಾಲಕನನ್ನು ಕುರಿತು ಟ್ವೇನನು 1874ರಲ್ಲಿ ಒಂದು ಲೇಖನ ಬರೆದಿದ್ದನು. 2024ರಲ್ಲಿ ಪರ್ಸಿವಲ್ ಎವರೆಟ್ ಎಂಬ ಕಾದಂಬರಿಕಾರರು ಇದೇ ಕಥೆಯನ್ನು ಜಿಮ್ಮನ ಕಡೆಯಿಂದ 'ಜೇಮ್ಸ್' ಎಂಬ ಹೆಸರಿನಲ್ಲಿ ಬರೆದರು. ಅದರಲ್ಲಿ ಗುಲಾಮರು ತಮ್ಮತಮ್ಮಲ್ಲಿ ಶುದ್ಧವಾದ ಇಂಗ್ಲಿಷನ್ನೇ ಆಡುತ್ತಾರೆ. ಬಿಳಿಯನು ಹತ್ತಿರ ಬಂದನೆಂದರೆ ಮಾತ್ರ ಆ ಆಡುಮಾತನ್ನು ಮುಖವಾಡದಂತೆ ತೊಡುತ್ತಾರೆ. ತಮ್ಮ ಮಕ್ಕಳಿಗೂ ಅದನ್ನು ಪಾಠವಾಗಿ ಕಲಿಸುತ್ತಾರೆ. ಅದನ್ನು ಓದಿ ಬಂದು ಹಳೆಯ ಪುಸ್ತಕವನ್ನು ತೆರೆದರೆ, ಜಿಮ್ಮನು ಒಂದೊಂದು ಸಲ ದಡ್ಡನಂತೆ ಮಾತಾಡುವಾಗ, ಇವನು ನಿಜವಾಗಿ ದಡ್ಡನೋ, ಜಾಗರೂಕನೋ ಎಂಬ ಸಂಶಯ ನಮಗೆ ಬಾರದೆ ಇರದು.

ಇಲ್ಲಿ ನಮ್ಮ ದೇಶದ ಒಂದು ಪ್ರಸಂಗ ನೆನಪಿಗೆ ಬರುತ್ತದೆ. 1896ರಲ್ಲಿ ಮಾರ್ಕ್ ಟ್ವೇನನು ಉಪನ್ಯಾಸಗಳಿಗಾಗಿ ಇಂಡಿಯಾಕ್ಕೆ ಬಂದಿದ್ದನು. ಬೊಂಬಾಯಿಯ ಹೋಟೆಲಿನಲ್ಲಿ ಅವನ ಕೋಣೆಯ ಬಾಗಿಲೊಂದನ್ನು ಸರಿಪಡಿಸುತ್ತಿದ್ದ ಆಳು ಏನೋ ತಪ್ಪಿದನು. ಜೊತೆಯಲ್ಲಿದ್ದ ಜರ್ಮನನು ತಪ್ಪೇನೆಂದು ಕೂಡ ಹೇಳದೆ ಅವನ ದವಡೆಗೆ ಹೊಡೆದನು. ಆಳು ಮಾತಾಡದೆ ಅದನ್ನು ಸಹಿಸಿಕೊಂಡನು. ಒಂದು ಕ್ಷಣದಲ್ಲಿ ತಾನು ಐವತ್ತು ವರ್ಷ ಹಿಂದಿನ ಬಾಲ್ಯಕ್ಕೆ ಹೋಗಿಬಿಟ್ಟೆನೆಂದು, ಗುಲಾಮನಿಗೆ ಏನನ್ನಾದರೂ ತಿಳಿಯಹೇಳುವ ರೀತಿ ಅಲ್ಲಿ ಇದೇ ಆಗಿತ್ತೆಂದು, ಅವನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಹಕ್ಕನ ಊರು ಅವನ ಮನಸ್ಸಿನಿಂದ ಹೋಗಿರಲಿಲ್ಲ.

ಕೊನೆಯ ಅಧ್ಯಾಯಗಳ ವಿಷಯದಲ್ಲಿ ನನ್ನ ಮಿತ್ರರು ಬೇಸರಪಟ್ಟರು, ಅದರಲ್ಲಿ ನಾನು ಅವರ ಪಕ್ಷ. ಟಾಮ್ ಸಾಯರನು ಮತ್ತೆ ಬಂದು, ಸೆರೆಯಲ್ಲಿದ್ದ ಜಿಮ್ಮನ ಬಿಡುಗಡೆಯನ್ನು ಕಥೆಪುಸ್ತಕಗಳ ಆಟವನ್ನಾಗಿ ಮಾಡಿಬಿಡುತ್ತಾನೆ. ಒಡತಿಯು ಸಾಯುವಾಗಲೇ ಜಿಮ್ಮನನ್ನು ಬಿಡುಗಡೆ ಮಾಡಿದ್ದಳೆಂಬುದು ಟಾಮನಿಗೆ ಮೊದಲಿಂದ ಗೊತ್ತಿತ್ತೆಂದು ತಿಳಿದಾಗ ಆಟ ಕಹಿಯಾಗುತ್ತದೆ. ಹೆಮಿಂಗ್ವೆ 1935ರಲ್ಲಿ ಈ ಪುಸ್ತಕವನ್ನು ಆಧುನಿಕ ಅಮೆರಿಕನ್ ಸಾಹಿತ್ಯದ ಮೂಲವೆಂದು ಹೊಗಳುವಾಗಲೇ, ಜಿಮ್ಮನು ಅಪಹೃತನಾದಲ್ಲಿಗೆ ಓದನ್ನು ನಿಲ್ಲಿಸಬೇಕೆಂದಿದ್ದನು. ನಾನು ಮಾತ್ರ ಕಡೆಯ ಪುಟದವರೆಗೆ ಓದಿರಿ ಎನ್ನುತ್ತೇನೆ, ಏತಕ್ಕೆಂದರೆ ಅಲ್ಲಿ ಇನ್ನೊಂದು ಮಾತಿದೆ. ತಾನು 'ಟೆರಿಟರಿ'ಗೆ 'ಲೈಟ್ ಔಟ್' ಮಾಡುತ್ತೇನೆಂದು ಹಕ್ ಹೇಳುತ್ತಾನೆ. ನನ್ನ ಮಿತ್ರರು ಇದನ್ನು ದೀಪ ಆರಿಸುವುದೆಂದು ತಿಳಿದಿದ್ದರು. ಅದು ಹಾಗಲ್ಲ. ಲೈಟ್ ಔಟ್ ಎಂದರೆ ಇದ್ದಕ್ಕಿದ್ದಂತೆ ಹೊರಟುಬಿಡುವುದು, ಕಾಲಿಗೆ ಬುದ್ಧಿಹೇಳುವುದು. ಟೆರಿಟರಿ ಎಂದರೆ ಇನ್ನೂ ಸಂಸ್ಥಾನವಾಗಿರದ, ಮೂಲನಿವಾಸಿಗಳಿಗೆಂದು ಬಿಟ್ಟಿದ್ದ ಪಶ್ಚಿಮದ ಸೀಮೆ. ಇನ್ನೊಬ್ಬ ಹೆಂಗಸು ಅವನನ್ನು ಮಗನೆಂದು ಸಾಕಿ ನಾಗರಿಕನನ್ನಾಗಿ ಮಾಡುವೆನೆಂದು ಕಾದು ನಿಂತಿದ್ದಾಳೆ. ಆ ಪದವನ್ನು ಹಕ್ಕನು ಅಲ್ಲಿಯೂ ತಪ್ಪು ಅಕ್ಷರದಿಂದಲೇ ಬರೆಯುತ್ತಾನೆ.